ಪಪ್ಪನ ಜ್ವರ

ಪೈನಾಪಲ್ ಕೇಕಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬಾಯಿ ತಾನಾಗಿ ಬಿಗಿದುಕೊಳ್ಳುತ್ತದೆ.

ನಾವು ಆಗ ಸಾನಪಾಡಾದಲ್ಲಿದ್ದೆವು. ಪಪ್ಪ ಕುಡಿದು ಮಲಗಿದ ದಿನ ಯಾರೇ ಬೆಲ್ ಒತ್ತಿದರೂ ಬಾಗಿಲಿಗೆ ಹೋಗುವವಳು ನಾನು. "ಪಪ್ಪನಿಗೆ ಜ್ವರ ಅಂತ ಹೇಳು. ಮನೆಯ ವಿಷಯ ಹೊರಗೆ ಹೋಗ್ಬಾರ್ದು, ಆಯ್ತಾ?" ಎಂದು ಅಮ್ಮ ಕಲಿಸಿದ್ದಳು. ಶಾಲೆಯಲ್ಲಿ ಪಕ್ಕ ಕೂರುವ ಗೆಳತಿಗೂ ನಾನು ಬಾಯಿ ಬಿಟ್ಟಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಮ್ಮ ನನಗೆ ಹಬ್ಬದ ಫ್ರಾಕ್ ಹಾಕಿ ವಾಶಿಯ ಒಂದು ಶಾಲೆಗೆ ಕರೆದುಕೊಂಡು ಹೋದಳು. ಕುಡಿತ ಬಿಡುವವರು ಅಲ್ಲಿ ವಾರವಾರ ಸೇರುತ್ತಿದ್ದರು. ಪಪ್ಪ ಕುಡಿತ ಬಿಟ್ಟು ವರ್ಷವಾಗಿತ್ತು. ಅದಕ್ಕೇ ಕೇಕ್, ಮೇಲೊಂದು ಮೇಣದಬತ್ತಿ. ಚಾಕ್‌ಪುಡಿ ಮೆತ್ತಿದ ಬೆಂಚಿನ ಮೇಲೆ ನಾನು ಹೆಮ್ಮೆಯಿಂದಲೇ ಕುಳಿತಿದ್ದೆ.

ಅಲ್ಲಿಯ ರೂಢಿಯಂತೆ ಪಪ್ಪ ಎದ್ದು ನಿಂತು ಹಿಂದಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ಮೆಟ್ಟಿಲ ಮೇಲೆ ಬಿದ್ದದ್ದು, ಅಮ್ಮನ ಮೇಲೆ ಕೈ ಎತ್ತಿದ್ದು. ಕೊನೆಗೆ ನನ್ನತ್ತ ಕೈ ತೋರಿಸಿ, ನಾನು ಎಲ್ಲರಿಗೂ ಹೇಳುತ್ತಿದ್ದ ಜ್ವರದ ಸುಳ್ಳನ್ನೂ ಬಿಡದೆ, "ಮೇರೀ ಬೇಟೀ ಸಬ್‌ಕೋ ಬೋಲ್ತೀ ಥೀ, ಪಪ್ಪಾ ಕೋ ಬುಖಾರ್ ಹೈ," ಎಂದರು. ಗುರುತಿಲ್ಲದ ಅಷ್ಟೂ ಜನ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ಅಮ್ಮನೂ ತಟ್ಟಿದಳು.

ಪಪ್ಪ ನನ್ನ ಬಾಯಿಗೆ ಕೇಕ್ ಹಿಡಿದಾಗ ನಾನು ಹಲ್ಲು ಕಚ್ಚಿ ನಿಂತೆ.

"ಎಂತ ಮಗಾ, ತಿನ್ನು. ಪಪ್ಪ ಈಗ ಸರಿಯಾದ್ರಲ್ವಾ?" ಎಂದಳು ಅಮ್ಮ.

ಸಂಜೆ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಎದುರುಮನೆಯ ಆಂಟಿ ಸಿಕ್ಕಿದರು. ಅಮ್ಮನ ಕೈಲಿದ್ದ ಕೇಕಿನ ಡಬ್ಬ ನೋಡಿ, "ಕಿಸ್ಕಾ ಬರ್ತ್‌ಡೇ ಹೈ?" ಯಾರ ಹುಟ್ಟುಹಬ್ಬ ಎಂದು ಕೇಳಿದರು.

ಅಮ್ಮ ನೆಲ ನೋಡಿದಳು. ಅಷ್ಟು ಜನರ ಮುಂದೆ ಎಲ್ಲ ಹೇಳಿದ್ದ ಪಪ್ಪ, ಮೀಸೆಗಂಟಿದ ಕ್ರೀಮ್ ಒರೆಸಿಕೊಂಡು, ಎಂದಿನಂತೆ ನೀನೇ ಏನಾದರೂ ಹೇಳು ಎಂಬಂತೆ ನನ್ನ ಮುಖ ನೋಡಿದರು.