ಬಂದರಿನ ಗಾಣ

ಡಾಕ್ಟರು ಬರೆದುಕೊಟ್ಟ ಮೀನೆಣ್ಣೆಯ ಮಾತ್ರೆ ಬೆರಳಲ್ಲೇ ಒಡೆದು, ಆ ನಾತಕ್ಕೆ ಚಿಕ್ಕಂದಿನ ಒಂದು ದಿನ ನೆನಪಾಯಿತು.

ಅವತ್ತು ಮಧ್ಯಾಹ್ನ ಗಂಗೊಳ್ಳಿ ಬಂದರಿನಲ್ಲಿ ಅಮ್ಮನೊಟ್ಟಿಗೆ ದೋಣಿಗೆ ಕಾಯುತ್ತಿದ್ದೆ. ಶೆಡ್ಡಿನ ಪಕ್ಕ ತುಕ್ಕು ಹಿಡಿದ ಹಳೇ ಯಂತ್ರವೊಂದಿತ್ತು. ತೂತು ತೂತಿನ ಕಬ್ಬಿಣದ ಪೀಪಾಯಿ, ಮೇಲೊಂದು ದಪ್ಪ ತಿರುಪು, ಕೆಳಗೊಂದು ತೊಟ್ಟಿ. ಎಂತದಿರಬಹುದು? ಹಟ್ಟಿಯಂಗಡಿ ಊರಿನ ನನಗೆ ಗೊತ್ತಿದ್ದದ್ದು ಕೊಬ್ಬರಿ ಗಾಣ ಒಂದೇ. ಗಾಣದ ಮನೆಗೆ ಹೋದರೆ ತೊಟ್ಟಿಯ ಎಣ್ಣೆಯನ್ನು ನೆತ್ತಿಗೆ ಸವರಿಕೊಂಡೇ ಬರುವುದು ನಮ್ಮ ರೂಢಿ. ಇಲ್ಲೂ ತಳದಲ್ಲಿ ಕಂದು ಜಿಡ್ಡಿತ್ತು. ಬಂದರಿಡೀ ನಾರುತ್ತಿದ್ದುದರಿಂದ ಅದರ ವಾಸನೆ ಬೇರೆಯಾಗಿ ತಿಳಿಯಲಿಲ್ಲ. ಬೆರಳಲ್ಲಿ ಬಳಿದು ನೆತ್ತಿಗೆ ತಿಕ್ಕಿಕೊಂಡೆ.

"ಅಯ್ಯೋ ಹೆಣ್ಣೇ, ಎಂತ ಮಾಡ್ದೆ! ಅದ್ ಕೊಳ್ತ ಬೈಗಿ ಮೀನಿಂದ್ ಎಣ್ಣಿ ಹಿಂಡು ಮಿಷನ್. ದೋಣಿಗ್ ಬಳಿಯುದ್!" ಎಂದಳು ಅಲ್ಲೇ ಮೀನು ಒಣಗಿಸುತ್ತಿದ್ದ ಹೆಂಗಸು.

ಅಂಟು ಕಿವಿಯ ಹಿಂದೆ ಇಳಿಯುತ್ತಿತ್ತು. ನೊಣಗಳು ಮುತ್ತಿದವು. ನಾನು ಅಲ್ಲೇ ಕಾರಿಕೊಂಡೆ. ಆ ಹೆಂಗಸು ಓಡಿ ಬಂದು ಸೆರಗಿನಿಂದ ನನ್ನ ತಲೆ ಒರೆಸಲು ಕೈ ಚಾಚಿದಳು.

"ನೀವ್ ಮುಟ್ಬೇಡಿ," ಎಂದಳು ಅಮ್ಮ, ಮೂಗು ಮುಚ್ಚಿಕೊಂಡು.

ಚಾಚಿದ ಕೈ ನಿಂತಿತು. ಆ ಹೆಂಗಸು ತನ್ನ ಸೆರಗನ್ನೇ ಒಮ್ಮೆ ಮೂಸಿ ನೋಡಿಕೊಂಡಳು.