ಕರಿಬೇವಿನ ಟಪಾಲು

ಊರಿನಲ್ಲಿ ಎಲ್ಲರ ಟಪಾಲೂ ಚಿಟ್ಟೆಗಳ ರೆಕ್ಕೆಯ ಮೇಲೆ ಬರುತ್ತಿತ್ತು. ಧಾರವಾಡದ ನೀಲವ್ವನಿಗೆ ಮಾತ್ರ ಮೂರು ವರ್ಷದಿಂದ ಕಾರವಾರದ ತಂಗಿಯ ಒಂದಕ್ಷರವೂ ಬಂದಿರಲಿಲ್ಲ. ಹಿತ್ತಲ ತುಂಬ ಚೆಂಡುಹೂ, ದಾಸವಾಳ ನೆಟ್ಟರೂ ಅಷ್ಟೇ.

ಟಪಾಲು ಯಾಕೆ ಬರುತ್ತಿಲ್ಲವೆಂದು ತಪಾಸಣೆಗೆ ಬಂದ ಟಪಾಲು ಕಚೇರಿಯ ಶಕೀಲಾ ಹೂವುಗಳನ್ನು ನೋಡಲೇ ಇಲ್ಲ. ಒಂದೂ ತೂತಿಲ್ಲದ ಕರಿಬೇವಿನ ಗಿಡದ ಮುಂದೆ ನಿಂತಳು.

"ಇದಕ್ಕ ಹುಳಾ ಹತ್ತೂದಿಲ್ಲೇನ್ರೀ?"

"ಹತ್ತತಾವ. ದಿನಾ ಆರಿಸಿ ಹೊರಗ ಒಗೀತೀನಿ. ಒಗ್ಗರಣಿಗೆ ಎಲಿ ಬೇಕಲ್ಲ."

"ಅಕ್ಕಾರ, ಈ ಗಿಡದಾಗ ಹುಟ್ಟಿದ ಪಾತರಗಿತ್ತೀನ ನಿಮ್ಮ ಟಪಾಲು ತರೂದು."

ನೀಲವ್ವ ಎರಡು ತಿಂಗಳು ಕರಿಬೇವಿಲ್ಲದ ಉಪ್ಪಿಟ್ಟು ತಿಂದಳು. ಹುಳಗಳು ಗಿಡವನ್ನು ಬೋಳು ಮಾಡಿ, ಚಿಟ್ಟೆಗಳಾಗಿ ಹಾರಿಹೋದವು. ಇಂದು ಬೆಳಿಗ್ಗೆ ಮೊದಲನೆಯದು ಮರಳಿ ಬಂದು, ಅವಳ ಮೊಣಕೈ ಮೇಲೆ ಕೂತು ರೆಕ್ಕೆ ಬಿಚ್ಚಿತು. ತಂಗಿಯದೇ ಓರೆ ಅಕ್ಷರ:

"ಅಂತೂ ಒಗ್ಗರಣಿ ಎಲಿ ಹುಳಕ್ಕ ಬಿಟ್ಟಿ ನೋಡು, ಅಕ್ಕಾ."