ಹಾಲಿಗೆ ಇಳಿದದ್ದು

ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆಯನ್ನು ಬಾಣಂತಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಕೈ ಹಿಡಿದರು.

“ಹಾಲಿಗೆ ಇಳಿಯತ್ತಮ್ಮಾ! ನಾವೇನು ಮಕ್ಕಳನ್ನ ಹೆತ್ತಿಲ್ವಾ?”

ಎದೆ ಬಾತು ಕಲ್ಲಾಗಿತ್ತು, ಜ್ವರ ನೂರೆರಡು. ಆದರೆ ಮನೆಯಲ್ಲಿ ತಜ್ಞರಿಗೆ ಬರವಿರಲಿಲ್ಲ. ಗಂಡ ಮೊಬೈಲಿನಲ್ಲಿ ಎರಡೇ ನಿಮಿಷಕ್ಕೆ ವೈದ್ಯಶಾಸ್ತ್ರ ಓದಿ ಮುಗಿಸಿದ್ದ. ನಾದಿನಿ ಫೋನಿನಲ್ಲೇ ತೀರ್ಪು ಕೊಟ್ಟಳು: “ಮುಟ್ಟಲೇಬೇಡಿ ಅತ್ತಿಗೆ.”

“ಹಾಲು ಕುಡಿಸ್ತೀನಿ ಅಂತ ಗೊತ್ತಿದ್ದೇ ಡಾಕ್ಟರಮ್ಮ ಬರೆದದ್ದು ಕಣ್ರೀ,” ಎಂದಳು ಬಾಣಂತಿ.

“ಅವರಿಗೇನು, ಬರೆದು ಕೈ ತೊಳ್ಕೊಳ್ತಾರೆ,” ಎಂದ ಗಂಡ. ಮಾತ್ರೆ ಬೀರು ಸೇರಿತು.

ಜ್ವರದ ಜೊತೆ ಕೆಮ್ಮೂ ಶುರುವಾದಾಗ ಅತ್ತೆಗೆ ಕನಿಕರ ಉಕ್ಕಿತು. ಮಾವನಿಗೆಂದು ಹೋದ ವರ್ಷ ತಂದಿದ್ದ ಸಿರಪ್ಪಿನ ಬಾಟಲಿ ಹುಡುಕಿ, ಎರಡು ದಿನ ಹೊತ್ತುಹೊತ್ತಿಗೆ ಕುಡಿಸಿದರು. “ಇದೇನು ಔಷಧಿಯಾ? ಎಲ್ಲರ ಮನೇಲೂ ಇರತ್ತೆ.” ಹಾಲೂಡಿಸುವವರು ಕುಡಿಯಬಾರದೆಂದು ಬಾಟಲಿಯ ಮೇಲೆಯೇ ಅಚ್ಚಾಗಿತ್ತು. ಆದರೆ ಅಕ್ಷರ ಇರುವೆಗಿಂತ ಚಿಕ್ಕದು; ಕನ್ನಡಕ ಹುಡುಕುವ ಕಷ್ಟ ಯಾರಿಗೆ ಬೇಕು?

ಮೂರನೆಯ ದಿನ ಕೂಸು ಹಾಲಿಗೆ ಏಳಲಿಲ್ಲ.

“ಎಷ್ಟು ಸಾಧು ನೋಡು, ಹಟವೇ ಇಲ್ಲ!” ಅತ್ತೆ ಹಿಗ್ಗಿದರು.

ಬಾಣಂತಿ ಅಂಗಾಲು ತಟ್ಟಿದಳು, ಕೆನ್ನೆ ತಟ್ಟಿದಳು. ಕೂಸು ಕಣ್ಣು ಬಿಡಲಿಲ್ಲ. ಉಸಿರು ನಿಂತು ನಿಂತು ಬರುತ್ತಿತ್ತು. ಈ ಸಲ ಅವಳು ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಕೂಸನ್ನೂ ಬಾಟಲಿಯನ್ನೂ ಎತ್ತಿಕೊಂಡು ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದಳು. ತಜ್ಞರು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದರು.

ಕೂಸಿಗೆ ಆಮ್ಲಜನಕ ಹಾಕಿಸಿ, ಡಾಕ್ಟರಮ್ಮ ಬಾಟಲಿ ತಿರುಗಿಸಿ ಓದಿದರು. “ಇದರಲ್ಲಿ ಮಂಪರು ತರಿಸೋ ಮದ್ದಿದೆ. ನೀವು ಕುಡಿದದ್ದು ಹಾಲಲ್ಲಿ ಮಗೂಗೆ ಹೋಗಿದೆ. ನಾನು ಕೊಟ್ಟ ಮಾತ್ರೆ ಚೂರು ಇಳಿದ್ರೂ ಭಯ ಇಲ್ಲ ಅಂತ ಹೇಳಿದ್ನಲ್ಲ, ಯಾಕೆ ಬಿಟ್ರಿ?”

ಅತ್ತೆ ಸೆರಗು ಸರಿಮಾಡಿಕೊಂಡರು. ಗಂಡ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ.

ಎರಡು ದಿನ ಕಳೆದ ಮೇಲೆ ಕೂಸು ವಾರ್ಡೆಲ್ಲ ಕೇಳುವಂತೆ ಕಿರುಚಿತು. ಬಾಣಂತಿ ಅತ್ತಳು, ನಕ್ಕಳು. ಇನ್ನು ಹಾಲೂಡಿಸಬಹುದೆಂದು ಡಾಕ್ಟರಮ್ಮ ತಲೆಯಾಡಿಸಿದ ಮೇಲೆ ಎಲ್ಲರೆದುರೇ ಅದೇ ಮಾತ್ರೆ ನುಂಗಿ, ಕೂಸನ್ನು ಎದೆಗೆ ಹಚ್ಚಿಕೊಂಡಳು.

ಅತ್ತೆ ಪಕ್ಕದ ಮಂಚದವಳ ಕಡೆ ಬಾಗಿ ಪಿಸುಗುಟ್ಟಿದರು: “ನೋಡಿದ್ರಾ, ಒಂದು ಸಿರಪ್ಪಿಗೇ ಹೀಗಾಯ್ತು. ಆವತ್ತು ನಾನು ಆ ಮಾತ್ರೆ ತಡೀದೇ ಇದ್ದಿದ್ರೆ ಮಗು ಗತಿ ಏನು ಹೇಳಿ!”